ಹಲಸಿನ ಪೀಠವೂ ರೇಡಿಯೇಟರೂ

ನೀರಿನಿಂದ ತಂಪಾಗುವ ತನ್ನ ಕಂಪ್ಯೂಟರಿನ, ಬಿಸಿಯಾದ ನೀರನ್ನು ಆರಿಸುವ ರೇಡಿಯೇಟರನ್ನು ಪೆಟ್ಟಿಗೆಯ ಹೊರಗೆ ನಿಲ್ಲಿಸಲೆಂದು ವಾರಿಜೆಯು ಹಲಸಿನ ಹಲಗೆಗಳಿಂದ ಒಂದು ಪೀಠವನ್ನು ಮಾಡಿದಳು. ರೇಡಿಯೇಟರಿನ ತೆಳುವಾದ ತಗಡಿನ ಪದರಗಳು ಎಲ್ಲಿ ನಲುಗುವವೋ ಎಂದು ಪೀಠವು ಅದನ್ನು ಬೆನ್ನಿನಿಂದ ಪಕ್ಕೆಗಳವರೆಗೆ ಅಪ್ಪಿ ಹಿಡಿಯಿತು. ಕಂಪ್ಯೂಟರು ಕೆಲಸಕ್ಕೆ ತೊಡಗಿತು, ನೀರು ಅದರ ಬಿಸಿಯನ್ನೆಲ್ಲ ಹೊತ್ತು ತಂದಿತು, ರೇಡಿಯೇಟರು ಬೇಯತೊಡಗಿತು.

"ಅಮ್ಮಾ, ಉಸಿರು ಕಟ್ಟುತ್ತಿದೆ."

"ಹೆದರಬೇಡ ಕಂದಾ, ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುವೆನು" ಎಂದಿತು ಪೀಠ.

ರೇಡಿಯೇಟರಿನ ಮುಂದೆ ಗಾಳಿ ಬೀಸುತ್ತಿದ್ದ ಫ್ಯಾನು ನಕ್ಕಿತು. "ಬೆಳಗಿನಿಂದ ನಾನು ಬೀಸುತ್ತಿರುವುದು ನಿನ್ನ ಬೆನ್ನಹಲಗೆಗೆ, ತಾಯೀ. ಅದಕ್ಕೇನು ಸೆಕೆಯೇ? ಗಾಳಿಯು ಇವನ ಮೈಯನ್ನು ಹಾದು ಆಚೆಗೆ ಹೋಗಬೇಕು. ಇಲ್ಲವಾದರೆ ಇವನು ಉಳಿಯನು."

ಅಷ್ಟರಲ್ಲಿ ಕಂಪ್ಯೂಟರು ಕಾವು ತಾಳದೆ ನಿಂತುಹೋಯಿತು. ವಾರಿಜೆಯು ರೇಡಿಯೇಟರನ್ನು ಮುಟ್ಟಿ, ಕೈಯನ್ನು ಥಟ್ಟನೆ ಹಿಂದೆಗೆದು, ಗರಗಸವನ್ನು ತಂದಳು.

ಪೀಠವು ಕಂದನನ್ನು ಇನ್ನೂ ಅವುಚಿಕೊಂಡಿತು. "ಬೆನ್ನನ್ನೇ ಕೊರೆದರೆ ನನ್ನ ಕಂದನು ಬಿದ್ದುಹೋಗನೇ?"

"ಅಂಚುಗಳನ್ನು ನಾನು ಮುಟ್ಟುವುದಿಲ್ಲ. ಹಿಡಿಯುವುದಕ್ಕೆ ಅಷ್ಟು ಸಾಲದೇ ನಿನಗೆ?" ಎಂದಿತು ಗರಗಸ.

ಪೀಠವು ರೇಡಿಯೇಟರಿನ ಕಡೆಗೊಮ್ಮೆ ನೋಡಿತು, ಗರಗಸಕ್ಕೆ ಬೆನ್ನೊಡ್ಡಿತು.

ಕಂಪ್ಯೂಟರು ಮತ್ತೆ ಎಚ್ಚತ್ತಾಗ, ಕೊರೆದ ಎಡೆಯಿಂದ ಬೆಚ್ಚನೆಯದೇನೋ ಸುಯ್ಯೆಂದು ಮೆಲ್ಲನೆ ಹಾದುಹೋಯಿತು.

"ಇದೇನು ಕಂದಾ?"

"ನನ್ನ ಉಸಿರು, ಅಮ್ಮಾ."

ಅಷ್ಟು ಬಿಗಿಯಾಗಿ ಅಪ್ಪಿದ್ದಾಗ ಪೀಠಕ್ಕೆ ಅದು ಒಮ್ಮೆಯೂ ಕೇಳಿಸಿರಲಿಲ್ಲ. ಉಳಿದ ಅಂಚುಗಳಿಂದ ಮಗುವನ್ನು ಹಿಡಿದುಕೊಂಡು, ಕೇಳುತ್ತ ನಿಂತಿತು.