ಗಾಳಿಗಿಟ್ಟ ರಕ್ತ

ಕೇಳ್ರಪ್ಪಾ, ಹೆತ್ತವಳ ಹೊಟ್ಟೆ ಉರಿಸೋಕೆಂದೇ ಹುಟ್ಟಿದ ಮಗನೊಬ್ಬನಿದ್ದ. ಹೆಸರು ಹಲಗ. ತಾಯಿ ಚೆನ್ನಾಜಮ್ಮ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬಿಡೋಳು. ಆ ಏದುಸಿರಲ್ಲೇ ಅವನಿಗೆ ಬೈಯೋಳು.

ಡಾಕ್ಟರು ಅವಳನ್ನು ಪರೀಕ್ಷಿಸಿ ಹಲಗನಿಗೆ ಬಿಡಿಸಿ ಹೇಳಿದರು: “ಗುಂಡಿಗೆಯಲ್ಲಿ ನಾಲ್ಕು ಕೋಣೆ ಕಣಯ್ಯ. ಮೈಯೆಲ್ಲ ಸುತ್ತಿ ದಣಿದ ಕಪ್ಪು ರಕ್ತ ಬಲಗಡೆ ಮೇಲಿನ ಕೋಣೆಗೆ ಬಂದು, ಕೆಳಗಿನ ಕೋಣೆಗೆ ಇಳಿಯುತ್ತೆ. ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ, ಗಾಳಿ ಕುಡಿದು ಕೆಂಪಾಗಿ, ಎಡಗಡೆ ಮೇಲಿನ ಕೋಣೆಗೆ ಬಂದು, ಕೆಳಗಿಳಿದು ಮತ್ತೆ ಮೈಗೆ ಹೋಗುತ್ತೆ. ಹೋದ ಬಾಗಿಲಲ್ಲಿ ವಾಪಸ್ ಬರಬಾರದು. ನಿಮ್ಮವ್ವನಿಗೆ ಎಡಗಡೆ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ. ಬೇಗ ಆಪರೇಷನ್ ಆಗದಿದ್ರೆ ಜೀವಕ್ಕೇ ಕುತ್ತು.”

ಮಾರನೆಯ ಬೆಳಿಗ್ಗೆ ಚೆನ್ನಾಜಮ್ಮ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು ತಿರುಗಿದರೆ ಅಗುಳಿ ಬಿದ್ದಿದೆ!

“ತೆಗಿಯೋ!”

“ಹೋದ ಬಾಗ್ಲಲ್ಲಿ ವಾಪಸ್ ಬರ್ಬಾರ್ದಂತೆ ಕಣವ್ವ! ಹಿತ್ಲಿಂದ ಬಾ!”

ಆ ಕಾಯಿಲೆಯ ಹೆಂಗಸು ಗೋಡೆ ಹಿಡಿದು ಹಿಡಿದು ಮನೆ ಸುತ್ತಿ ಬಂದಳು.

“ಅದು ಎದೆ ಒಳಗಿನ ಬಾಗ್ಲು ಕಣೋ, ಮಂಕುದಿಣ್ಣೆ! ದಣಿದು ಬಂದೋರ್ಗೆ ಮೊದ್ಲು ಗಾಳಿ ಸಿಗೋ ಹಂಗೆ ಮಾಡ್ಬೇಕು!”

“ಹಂಗೇ ಆಗ್ಲವ್ವ.”

ಆಪರೇಷನ್ನಿಗೆ ಕರೆದೊಯ್ಯಲು ಅವಳ ತಮ್ಮ ಮರಿಗೌಡ ಬಿಸಿಲಲ್ಲಿ ಆಟೋ ತಂದ. ಇಳಿದವನೇ “ಉಸ್ಸಪ್ಪಾ” ಅಂದ. ಅಷ್ಟೇ! ಹಲಗ ಆಟೋ ಚಕ್ರದ ಗಾಳಿ ಬಿಟ್ಟು, ಮಾವನ ಕತ್ತು ಬಗ್ಗಿಸಿ ಮೂಗನ್ನು ಅಲ್ಲಿಗೇ ಹಿಡಿದ.

“ಕುಡಿ ಮಾವ, ಗಾಳಿ!”

“ನಿನ್ನ ಮನೆ ಹಾಳಾಗ! ನಿಮ್ಮವ್ವನ್ನ ಹೊತ್ಕಂಡು ಹೋಗ್ಲೇನ್ಲಾ ಈಗ?”

ಚೆನ್ನಾಜಮ್ಮ ಹಣೆ ಚಚ್ಚಿಕೊಂಡಳು. “ಒಳಗಿರೋದ್ನ ಹೊರಕ್ಕೆ ಬಿಡ್ಬ್ಯಾಡ ಕಣೋ, ಬಿಡ್ಬ್ಯಾಡ!”

“ಹಂಗೇ ಆಗ್ಲವ್ವ.”

ಬೇರೆ ಆಟೋ ಹಿಡಿದು ಹೇಗೋ ಆಸ್ಪತ್ರೆ ಸೇರಿದರು. ಅಲ್ಲಿ ಆಪರೇಷನ್ನಿಗೆ ರಕ್ತ ಬೇಕಾಯಿತು. ಹಲಗನದು ಹೊಂದಿತು. ಅವನೋ ಕೈ ಮಡಚಿಕೊಂಡು ಕೂತ. “ಒಳಗಿರೋದ್ನ ಹೊರಕ್ಕೆ ಬಿಡಾಕಿಲ್ಲ!”

ಹೆತ್ತವಳು ಸಾಯೋ ಹಾಗೆ ಮಲಗಿದ್ದಾಳೆ, ಇವನು ರಕ್ತ ಬಚ್ಚಿಟ್ಟುಕೊಂಡಿದ್ದಾನೆ! ಇಂಥವನಿಗೆ ಏನನ್ನೋದು ಹೇಳಿ?

“ಒಳ್ಳೇ ರಕ್ತ ಕೊಟ್ಟು ನನ್ನ ಉಳ್ಸೋ!” ಚೆನ್ನಾಜಮ್ಮ ಮಂಚದಿಂದಲೇ ಕಿರುಚಿದಳು.

ಕೊಟ್ಟ. ಚೀಲ ತುಂಬಿತು. ನೋಡುತ್ತಾನೆ, ಕಪ್ಪಗಿದೆ! ನರ್ಸಮ್ಮ ಆಚೆ ತಿರುಗಿದ್ದೇ ತಡ, ಚೀಲ ಕತ್ತರಿಸಿ ಊಟದ ತಟ್ಟೆಗೆ ಸುರಿದು, ಟವೆಲಿನಿಂದ ಬೀಸುತ್ತಾ ಕೂತುಬಿಟ್ಟ.

“ಇದಿನ್ನೂ ಬಲಗಡೆ ರಕ್ತ ಕಣವ್ವ! ಗಾಳಿ ಕುಡ್ದು ಕೆಂಪಾಗ್ಲಿ, ತಡ್ಕೊ!”

ಪುಣ್ಯಕ್ಕೆ ಮರಿಗೌಡನ ರಕ್ತವೂ ಹೊಂದಿತು. ಆಪರೇಷನ್ ಆಯಿತು, ಬಾಗಿಲು ಸರಿಹೋಯಿತು. ಚೇತರಿಸಿಕೊಂಡದ್ದೇ ಚೆನ್ನಾಜಮ್ಮ ಮಗನನ್ನು ಎದುರಿಗೆ ನಿಲ್ಲಿಸಿಕೊಂಡು, ಅವನು ಹುಟ್ಟಿದ ದಿನದಿಂದ ಶುರುಮಾಡಿ ಬೈದಳು, ಬೈದಳು, ಒಂದು ಸಲವೂ ಏದುಸಿರು ಬಿಡದೆ ಬೈದಳು.

ಹಲಗ ಬೆಚ್ಚಿಬಿದ್ದ. ಎದ್ದೆನೋ ಬಿದ್ದೆನೋ ಅಂತ ವಾರ್ಡಿನಿಂದ ಓಡಿದ.

“ಡಾಕ್ಟ್ರೇ! ಓಡ್ಬನ್ನಿ! ನಮ್ಮವ್ವ ಉಸ್ರೇ ಬಿಡ್ತಿಲ್ಲ!”