ರಾಗ ಕೇಳಿ ಬೆಳೆದ ಬಸಳೆ

ಹೊಂಬಾಳೆಪುರದ ಅರಸ ಮಲ್ಲಭೂಪನಿಗೆ ತಲೆಯ ಮೇಲೆ ಮೊದಲ ಚೊಂಬು ಬಿಸಿನೀರು ಬಿದ್ದ ಕೂಡಲೇ ಹಾಡು ಬರುತ್ತಿತ್ತು. ಹಾಡು ಮುಗಿಯುವ ಮೊದಲೇ ನೀರು ಮುಗಿದರೆ ಇನ್ನೊಂದು ಹಂಡೆ ಕಾಯಿಸಬೇಕಿತ್ತು.

ಬೇಸಿಗೆಯ ಒಂದು ಬೆಳಿಗ್ಗೆ ಮೈ ಒರೆಸಿಕೊಳ್ಳುತ್ತ ಅರಸ ಕಿಟಕಿಯತ್ತ ನೋಡಿದ. ಹೊರಗಿನ ಬಸಳೆ ಬಳ್ಳಿ ಸರಳು ಹಿಡಿದು ಒಳಗೆ ಇಣುಕುತ್ತಿತ್ತು. ಒಂದೊಂದು ಎಲೆಯೂ ಅಂಗೈಯಗಲ. ತೋಟಕ್ಕೆ ಹೋಗಿ ನೋಡಿದರೆ ಅಲ್ಲಿನ ಬಸಳೆ ಇದರ ಅರ್ಧವೂ ಇಲ್ಲ.

ಸಭೆಯಲ್ಲಿ ಅರಸ ಮೀಸೆ ತೀಡಿದ. "ನನ್ನ ರಾಗ ಕೇಳಿ ಬಸಳೆ ಬೆಳೆದಿದೆ. ಇನ್ನು ತೋಟಕ್ಕೆಲ್ಲ ನಾನೇ ಹಾಡುತ್ತೇನೆ. ಗಿಡಗಳಿಗೆ ನೀರು ಹೊಯ್ಯುವ ದುಗ್ಗಮ್ಮ ಮನೆಗೆ ಹೋಗಲಿ."

ಬಚ್ಚಲ ನೀರು ಎಲ್ಲಿಗೆ ಹರಿಯುತ್ತದೆಂದು ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರವರ ಮನೆಯ ಬಸಳೆ ಚಪ್ಪರ ಇದ್ದದ್ದೂ ಬಚ್ಚಲ ಹಿಂದೆಯೇ. ಗೊತ್ತಿಲ್ಲದವನು ಅರಸನೊಬ್ಬ, ಬಚ್ಚಲ ಹಿಂದಕ್ಕೆ ಅವನು ಹೋದವನೇ ಅಲ್ಲ.

"ಎಲೆಯ ನರಗಳಲ್ಲಿ ತಾಳವೂ ಕಾಣುತ್ತಿದೆ ಪ್ರಭು," ಎಂದರು ಮಂತ್ರಿಗಳು.

ಸಂಜೆ ದುಗ್ಗಮ್ಮ ಆಸ್ಥಾನದ ವಿದೂಷಕ ಅಣ್ಣಾಜಯ್ಯನ ಜಗಲಿಗೆ ಬಂದು ಕೂತಳು. "ನನ್ನ ಅನ್ನ ಹೋಯಿತು ಸ್ವಾಮಿ. ನೀವಾದರೂ ನಿಜ ಹೇಳಬಾರದೇ?"

"ಹೇಳಿದರೆ ನನ್ನ ಅನ್ನವೂ ಹೋಗುತ್ತದೆ ತಾಯಿ. ಬಸಳೆಯ ಕೈಯಲ್ಲೇ ಹೇಳಿಸೋಣ, ತಾಳು."

ಮರುದಿನ ಅವನು ಮುಖ ಸಣ್ಣಗೆ ಮಾಡಿಕೊಂಡು ಅರಸನ ಮುಂದೆ ನಿಂತ. "ತಮ್ಮ ಹಾಡಿನ ಕೀರ್ತಿಯಲ್ಲಿ ಪಾಲು ಕೇಳುವವರು ಹುಟ್ಟಿದ್ದಾರೆ ಪ್ರಭು. ಕೆಲವರು ಮಣ್ಣಿನ ಗುಣ ಅನ್ನುತ್ತಾರೆ, ಕೆಲವರು ಬಿಸಿಲು ಅನ್ನುತ್ತಾರೆ. ಬಚ್ಚಲ ನೀರಿನ ಮಾತೂ ಕಿವಿಗೆ ಬಿತ್ತು."

"ಬಚ್ಚಲ ನೀರೇ? ಅವರ ಬಾಯಿ ಮುಚ್ಚಿಸು."

"ಅದಕ್ಕೇ ಬಂದೆ. ಕಿಟಕಿಯ ಕೆಳಗೆ ಎರಡು ಮಡಿ ಮಾಡೋಣ. ಒಂದೇ ಮಣ್ಣು, ಒಂದೇ ಬಿಸಿಲು, ಒಂದೇ ಬಳ್ಳಿಯಿಂದ ಕತ್ತರಿಸಿ ಬೇರು ಬರಿಸಿದ ತುಂಡುಗಳು. ತಮ್ಮ ಹಾಡು ಎರಡಕ್ಕೂ. ಬಚ್ಚಲ ನೀರು ಮಾತ್ರ ಒಂದಕ್ಕೇ, ಇನ್ನೊಂದಕ್ಕೆ ಯಾವ ನೀರೂ ಬೇಡ."

"ಇಷ್ಟೆಲ್ಲ ಒಂದೇ ಯಾಕಯ್ಯ?"

"ಎರಡು ಸಂಗತಿ ಒಟ್ಟಿಗೆ ಬದಲಾದರೆ ಹಾರ ಯಾರ ಕೊರಳಿಗೆ ಹಾಕಬೇಕೋ ತಿಳಿಯುವುದಿಲ್ಲ ಪ್ರಭು. ಅಲ್ಲಿಯವರೆಗೆ ದುಗ್ಗಮ್ಮ ಇರಲಿ, ಬಳ್ಳಿ ಕಾಯಲು ಒಂದು ಜನ ಬೇಕು."

ಅರಸ ಒಪ್ಪಿದ. ದಿನಾ ಕಿಟಕಿಗೆ ಬಾಯಿ ಇಟ್ಟು ಹಾಡಿದ. ನೀರು ಸಿಕ್ಕ ಬಳ್ಳಿ ಗೋಡೆ ಹತ್ತಿತು. ಸಿಗದ ಬಳ್ಳಿ ಮೊದಲು ತಲೆ ಬಾಗಿಸಿತು, ಆಮೇಲೆ ನೆಲಕ್ಕೊರಗಿತು.

"ಭಕ್ತಿಯಿಂದ ಬಾಗಿದೆ," ಎಂದರು ಮಂತ್ರಿಗಳು.

ಅರಸ ಅವರನ್ನು ದುರುಗುಟ್ಟಿ ನೋಡಿ ಅಣ್ಣಾಜಯ್ಯನ ಕಡೆ ತಿರುಗಿದ. "ಸರಿ, ನೀರಿಗೂ ಒಂದು ಪಾಲು ಇರಲಿ. ಮಿಕ್ಕ ಪಾಲು ಹಾಡಿನದು."

"ಅದನ್ನೂ ನೋಡೇಬಿಡೋಣ. ಬದುಕಿರುವ ಬಳ್ಳಿಗೆ ಮಣ್ಣು, ಬಿಸಿಲು, ನೀರು ಎಲ್ಲ ಹಾಗೇ ಇರಲಿ. ಹಾಡೊಂದನ್ನು ನಿಲ್ಲಿಸಿ. ಹಾಡಿನ ಪಾಲು ಎಷ್ಟಿದೆಯೋ ಅಷ್ಟು ಬೆಳವಣಿಗೆ ಕುಗ್ಗಬೇಕು."

ಆ ಸ್ನಾನಗಳು ಅರಸನಿಗೆ ಯುದ್ಧಕ್ಕಿಂತ ಕಷ್ಟವಾದವು. ಮೊದಲ ಚೊಂಬಿಗೆ ತುಟಿ ಕಚ್ಚಿಕೊಂಡ. ಎರಡನೆಯದಕ್ಕೆ ಬಾಯಿಗೆ ಪಂಚೆಯ ತುದಿ ತುರುಕಿಕೊಂಡ.

"ಗುನುಗಿದರೂ ಹಾಡೇ ಪ್ರಭು," ಎಂದ ಅಣ್ಣಾಜಯ್ಯ ಗೋಡೆಯ ಆಚೆಯಿಂದ.

ಹುಣ್ಣಿಮೆ ಕಳೆದ ಮೇಲೆ ಅರಸ ಜನ್ಮದಲ್ಲಿ ಮೊದಲ ಸಲ ಬಚ್ಚಲ ಹಿಂದಕ್ಕೆ ಬಂದ. ಬಸಳೆ ಹೆಂಚಿನ ಮೇಲೆ ಹರಡಿತ್ತು. ಕೆಳಗೆ ಅವನ ಸೀಗೆಪುಡಿಯ ನೊರೆ ಬುಡದತ್ತ ಹರಿಯುತ್ತಿತ್ತು. ದುಗ್ಗಮ್ಮ ಬಳ್ಳಿ ಕಾಯುತ್ತ ಅಲ್ಲೇ ನಿಂತಿದ್ದಳು.

"ಮೊದಲಿನಷ್ಟೇ ಬೆಳೆದಿದೆ," ಎಂದ ಅರಸ ಮೆಲ್ಲಗೆ. "ಅಂದರೆ, ನಾನು ಹಾಡು ನಿಲ್ಲಿಸಿದ್ದರಿಂದ ಏನೂ ಬದಲಾಗಲಿಲ್ಲವೇ?"

"ಒಂದು ಬದಲಾಗಿದೆ ಪ್ರಭು. ಅರಮನೆಯಲ್ಲಿ ಎಲ್ಲರಿಗೂ ಬೆಳಗಿನ ಜಾವ ಒಳ್ಳೆಯ ನಿದ್ದೆ ಬರುತ್ತಿದೆ."

ಮಂತ್ರಿಗಳು ಕಣ್ಣು ಮುಚ್ಚಿಕೊಂಡರು. ಅರಸ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ. ದುಗ್ಗಮ್ಮನ ಕೆಲಸ ಅವಳಿಗೇ ಉಳಿಯಿತು, ಜೊತೆಗೊಂದು ಸೀರೆ. ಅಣ್ಣಾಜಯ್ಯನ ಹೆಗಲಿಗೆ ಅರಸನ ಶಾಲೇ ಬಿತ್ತು.

ಎಲ್ಲರೂ ಹೊರಟಾಗ ಅರಸ ಆ ಶಾಲಿನ ತುದಿ ಹಿಡಿದು ನಿಲ್ಲಿಸಿದ.

"ಬಸಳೆಗೆ ಬೇಡವಾದರೆ ಬೇಡ, ಅಣ್ಣಾಜಿ. ಹೊಸದೊಂದು ಹಾಡು ಗಂಟಲಲ್ಲೇ ನಿಂತಿದೆ. ನೀನಾದರೂ ಕೂತು ಕೇಳಯ್ಯ."

ಅಣ್ಣಾಜಯ್ಯ ಕಿವಿಯಿಲ್ಲದ ಬಸಳೆಯ ಕಡೆ ಅಸೂಯೆಯಿಂದ ನೋಡಿದ.