ಹಿರೀ ಸೊಸೆಯ ಪಾವು, ಕಿರೀ ಸೊಸೆಯ ತಕ್ಕಡಿ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿ ತೊಟ್ಟಿಲಲ್ಲಿ ಬೆರಳು ಚೀಪ್ತಿದ್ದಾಗ, ಒಂದು ಮನೇಲಿ ಮೂರು ಜನ ಸೊಸೆಯರಿದ್ರಂತೆ. ಹಿರಿಯವಳು ಚೆನ್ನಾಜಿ, ಬೇಸಾಯದ ಮನೆಯಿಂದ ಬಂದವಳು, ಏನಿದ್ರೂ ಪಾವಿನಲ್ಲೇ ಅಳೆಯೋಳು. ನಡುವಿನವಳು ಕೆಂಚಿ, ಅವಳಿಗೆ ಅಳೆಯೋದೂ ಬೇಡ ತೂಗೋದೂ ಬೇಡ, ಎಲೆ ಹಾಕಿದ್ರೆ ಸಾಕು. ಕಿರಿಯವಳು ನಿಂಗಿ, ಅಂಗಡಿಯವರ ಮಗಳು, ತವರಿಂದ ಬರ್ತಾ ಪುಟ್ಟ ತಕ್ಕಡಿ ತಂದಿದ್ಲಂತೆ.

ಮಾರಮ್ಮನ ಹಬ್ಬಕ್ಕೆ ತಂಬಿಟ್ಟಿನ ಆರತಿ ಕಟ್ಟೋದು ಆ ಮನೇಲಿ ಹಿರೀ ಸೊಸೆ ಹಕ್ಕು. ಹುರಿದ ಅಕ್ಕಿಹಿಟ್ಟಿಗೆ ಬೆಲ್ಲ, ತುಪ್ಪ ಕಲಸಿ, ಗೋಪುರದ ಹಂಗೆ ಕಟ್ಟಿ, ಮೇಲೆ ಗುಳಿ ಮಾಡಿ ದೀಪ ಇಡ್ಬೇಕು. ಹೋದ ವರ್ಷ ಚೆನ್ನಾಜಿಗೆ ಜ್ವರ ಬಂದು ನಿಂಗಿ ಕಟ್ಟಿದ್ಲು. ದೀಪ ಆರೋವರೆಗೂ ಒಂದು ಬಿರುಕು ಬಿಡಲಿಲ್ಲ. ಅತ್ತೆ ಚೆನ್ನಾಜಿಗೆ ಕೇಳೋ ಹಂಗೆ, ಮುಂದಿನ ಹಬ್ಬಕ್ಕೆ ಯಾರ ಆರತಿ ನೆಟ್ಟಗೆ ನಿಲ್ಲುತ್ತೋ ಉಗ್ರಾಣದ ಬೀಗದಕೈ ಅವಳಿಗೇ ಅಂದ್ಬಿಟ್ಲಂತೆ. ಅವತ್ತಿಂದ ಚೆನ್ನಾಜಿ ಹೊಟ್ಟೇಲಿ ಒಲೆ ಹತ್ತಿದಂಗೆ. ನಿಂಗಿ ನಕ್ಕರೂ ಉರಿ, ಜಡೆ ಹಾಕ್ಕೊಂಡ್ರೂ ಉರಿ.

ಆಮೇಲೆ ಹಬ್ಬ ಹತ್ರ ಬಂತು. ಚೆನ್ನಾಜಿ ಜಂಬ ನುಂಗ್ಕೊಂಡು ಹೋಗಿ, ಅಲ್ಲ ಕಣೇ, ಹಿಟ್ಟಿಗೆ ಬೆಲ್ಲ ಎಷ್ಟು ಹಾಕ್ತೀಯೆ ಅಂತ ಕೇಳಿದ್ಲಂತೆ. ನಿಂಗಿ, ಎರಡೂ ಸಮ ಕಣಕ್ಕ ಅಂದ್ಲು. ಚೆನ್ನಾಜಿ ಒಂದು ಪಾವು ಹಿಟ್ಟಿಗೆ ಒಂದು ಪಾವು ಬೆಲ್ಲದ ಪುಡಿ ಅದುಮಿ ಅಳೆದು ಕಲಸಿದ್ಲು. ಅದು ಕೈಗೆ ಮೆತ್ಕೊಂಡು ಬಿಡಲೇ ಇಲ್ಲ, ಕಟ್ಟಿದ ಗೋಪುರ ಕುಸಿದು ಸಗಣಿ ತೊಪ್ಪೆ ಆಯ್ತು. ನೋಡು ಕಳ್ಳಿ, ನಗ್ತಾ ನಗ್ತಾನೇ ಸುಳ್ಳು ಹೇಳಿದ್ಲು ಅಂತ ಹಲ್ಲು ಕಡಿದ್ಲಂತೆ. ಎರಡನೇ ಸಲ ಸಿಟ್ಟಲ್ಲಿ ಅಷ್ಟೇ ಬೆಲ್ಲಕ್ಕೆ ನಾಲ್ಕು ಪಾವು ಹಿಟ್ಟು ಸುರಿದ್ಲು, ಪುಡಿಪುಡಿ ಉದುರ್ತು. ಎರಡು ಸಲದ್ದನ್ನೂ ಕೆಂಚಿ ತಿಂದು, ಚೆನ್ನಾಗೈತೆ ಬಿಡಕ್ಕ ಅಂದ್ಲು.

ಮೂರನೇ ಸಲ ಚೆನ್ನಾಜಿ ಬಾಗಿಲ ಸಂದಿಯಿಂದ ಇಣುಕಿದ್ಲು. ನಿಂಗಿ ತಕ್ಕಡಿಯ ಒಂದು ತಟ್ಟೇಲಿ ಬೆಲ್ಲ ಇಷ್ಟೇ ಇಷ್ಟು, ಇನ್ನೊಂದರಲ್ಲಿ ಹಿಟ್ಟು ಗುಡ್ಡೆಯಷ್ಟು, ಆದರೂ ಮುಳ್ಳು ನೆಟ್ಟಗೆ. ಓಹೋ, ಇವಳ ಸಮ ತೂಕದ ಸಮ. ಸುಳ್ಳು ಹೇಳಿರಲಿಲ್ಲ ಅಂತ ಗೊತ್ತಾದ ಮೇಲೆ ಕಿಚ್ಚು ಇಳೀಬೇಕಲ್ವಾ? ಇನ್ನೂ ಏರಿತಂತೆ. ಹಬ್ಬದ ಬೆಳಗ್ಗೆ ತಕ್ಕಡಿ ಎತ್ಕೊಂಡು ಹೋಗಿ ಕಟ್ಟಿಗೆ ರಾಶಿ ಹಿಂದೆ ಬಚ್ಚಿಟ್ಲು.

ನಿಂಗಿ ಮನೆಯೆಲ್ಲ ಹುಡುಕಿ, ಒಲೆ ಮುಂದೆ ಕೂತು ಅತ್ಲು. ಚೆನ್ನಾಜಿ ಬಾಗಿಲಲ್ಲಿ ನಿಂತು ಕಣ್ತುಂಬ ನೋಡ್ತಿದ್ಲಂತೆ. ಆಗ ನಿಂಗಿ, ಅಕ್ಕ, ನನಗೆ ಪಾವು ಹಿಡಿಯೋಕೇ ಬರಲ್ಲ, ನೀನು ಮಾತಾಡ್ತಾನೇ ಅಕ್ಕಿ ಹಾಕ್ತೀಯ, ಒಂದು ಕಾಳು ಹೆಚ್ಚಾಗಲ್ಲ ಕಮ್ಮಿಯಾಗಲ್ಲ, ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ, ಆ ಉರೀಲೇ ತಕ್ಕಡಿ ಅಪ್ಕೊಂಡು ಕೂತಿದ್ದೆ ಅಂದ್ಲಂತೆ.

ತಾನೊಬ್ಬಳೇ ಉರೀತಿದ್ದೀನಿ ಅಂದ್ಕೊಂಡಿದ್ದ ಚೆನ್ನಾಜಿಗೆ ಒಂಥರಾ ತಂಪಾಯ್ತು. ಪಾವು, ಹಿಟ್ಟು, ಬೆಲ್ಲ ಎತ್ಕೊಂಡು ಕಟ್ಟಿಗೆ ರಾಶಿ ಹಿಂದೆ ಹೋಗಿ, ಅಳೆದು ಅಳೆದು ತಕ್ಕಡಿಗೆ ಸುರಿದ್ಲು. ಒಂದು ಪಾವು ಬೆಲ್ಲಕ್ಕೆ ಎರಡು ಪಾವು ಹಿಟ್ಟು ಬಿದ್ದಾಗ ಮುಳ್ಳು ನೆಟ್ಟಗಾಯ್ತು. ಆಮೇಲೆ ತಕ್ಕಡಿ ಸಮೇತ ಒಳಗೆ ಬಂದು, ಎರಡಕ್ಕೆ ಒಂದು ಕಣೇ ಅಂದ್ಲು. ನಿಂಗಿ ತಕ್ಕಡಿ ನೋಡಿದ್ಲು, ಅಕ್ಕನ ಮುಖ ನೋಡಿದ್ಲು, ಹಿಟ್ಟಿಗೆ ಕೈ ಹಾಕಿದ್ಲು.

ಇಬ್ಬರೂ ಸೇರಿ ಕಟ್ಟಿದ ಆರತಿ ಮಾರಮ್ಮನ ಮುಂದೆ ಕಂಬದಂಗೆ ನಿಂತಿತಂತೆ. ಯಾರು ಕಟ್ಟಿದ್ದು ಅಂತ ಅತ್ತೆ ಕೇಳಿದ್ರೆ, ನಿಂಗಿ ಅಕ್ಕನ ಅಳತೆ ಅಂದ್ಲು, ಚೆನ್ನಾಜಿ ಇವಳ ತೂಕ ಅಂದ್ಲು. ಅತ್ತೆಗೆ ನಂಬಿಕೆ ಬರಲಿಲ್ಲ, ನಾಳೆ ಮತ್ತೆ ಕಿತ್ತಾಡ್ತಾರೆ ಅಂತ ಉಗ್ರಾಣಕ್ಕೆ ಇನ್ನೊಂದು ಬೀಗ ಹಾಕಿಸಿ, ಇಬ್ಬರಿಗೂ ಒಂದೊಂದು ಬೀಗದಕೈ ಕೊಟ್ಲಂತೆ. ಒಬ್ಬಳು ಮುನಿಸ್ಕೊಂಡ್ರೂ ಮನೆಯೆಲ್ಲ ಉಪವಾಸ. ಅದಕ್ಕೇ ಮುನಿಸೆಲ್ಲ ಊಟ ಆದ್ಮೇಲೆ ಅಂತ ಮಾತಾಡ್ಕೊಂಡು, ನೂರು ಕಾಲ ಒಂದೇ ಒಲೆ ಮುಂದೆ ಬಾಳಿದ್ರಂತೆ. ಕತೆ ಇಲ್ಲಿಗೆ ತಳ ಕಂಡಿತು, ನೀನೂ ಮಗ್ಗುಲಾಗು.